ಲೆಕ್ಕಕ್ಕುಂಟು, ಮಾತಿಗಿಲ್ಲ: ಕೋಲಾರ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ನಾನು ಕೋಲಾರ ತಾಲ್ಲೂಕಿನ ಒಂದು ಹಳ್ಳಿಯವಳು. ವಯಸ್ಸು ಇಪ್ಪತ್ತನಾಲ್ಕು. ಡಿಪ್ಲೊಮಾ ಮುಗಿಸಿ ನರಸಾಪುರ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಗುತ್ತಿಗೆಯ ಮೇಲೆ ಕೆಲಸ ಮಾಡುತ್ತಿದ್ದೇನೆ. ಕೈಗೆ ಬರುವ ಸಂಬಳ ತಿಂಗಳಿಗೆ 16,500 ರೂಪಾಯಿ. ಅಪರಿಚಿತರಿಗೆ ಬರೆಯುವ ಪತ್ರದಲ್ಲಿ ಯಾರೂ ಮೊದಲ ಸಾಲುಗಳಲ್ಲೇ ಸಂಬಳ ಹೇಳಿಕೊಳ್ಳುವುದಿಲ್ಲ. ಆದರೆ ನಮ್ಮ ಊರಿನಲ್ಲಿ, ನೆಂಟರಲ್ಲಿ, ಸಾಲ ಕೊಡುವವರಲ್ಲಿ ಇದು ಗೊತ್ತಿಲ್ಲದವರೇ ಇಲ್ಲ. ನನ್ನ ತಕರಾರು ಇರುವುದೂ ಇದೇ ಅಂಕಿಯ ಬಗ್ಗೆ: ನನ್ನನ್ನು ಕೇಳದೆ ಇದನ್ನು ಲೆಕ್ಕಕ್ಕೆ ಹಿಡಿದು ನಮ್ಮ ಮನೆಗೆ ಸಾಲ ಕೊಟ್ಟಿದ್ದಾರೆ.

ಸಾಲ ಮನ್ನಾ ಕೇಳಲು ಇದನ್ನು ಬರೆಯುತ್ತಿಲ್ಲ. ಅಪ್ಪನ ಮೇಲೆ ದೂರು ಕೊಡಲೂ ಅಲ್ಲ. ಬರೆದದ್ದನ್ನೆಲ್ಲ ಅಪ್ಪ ಅಮ್ಮ ಇಬ್ಬರಿಗೂ ಓದಿ ಹೇಳಿದ್ದೇನೆ. ಅಮ್ಮ ಎರಡು ಸಾಲು ತೆಗೆಸಿದರು, ತೆಗೆದಿದ್ದೇನೆ. ಅಪ್ಪ ಒಂದೂ ತೆಗೆಸಲಿಲ್ಲ. ಕಾರಿನ ಸಾಲ ನಾಲ್ಕು ಲಕ್ಷ ಎಂದು ಬರೆದಿದ್ದೆ, ಮೂರೂವರೆ ಎಂದು ತಿದ್ದಿಸಿದರು.

ನಮ್ಮ ಅಪ್ಪ ಕುಡಿಯುವುದಿಲ್ಲ, ಇಸ್ಪೀಟು ಮುಟ್ಟುವುದಿಲ್ಲ. ಅದೇ ತೊಂದರೆ ಎಂದರೆ ತಾವು ನಗಬಹುದು. ಕುಡುಕನ ಮನೆಯಾಗಿದ್ದರೆ ಊರಿನವರು ಅಯ್ಯೋ ಪಾಪ ಎನ್ನುತ್ತಿದ್ದರು, ಸೋದರಮಾವಂದಿರು ಬಂದು ಪಂಚಾಯಿತಿ ಮಾಡುತ್ತಿದ್ದರು. ನಮ್ಮಪ್ಪ ಕೊಡುಗೈ ಮನುಷ್ಯ. ಊರ ಜಾತ್ರೆಯ ಅನ್ನದಾನಕ್ಕೆ ಮೊದಲ ಹೆಸರು ಅವರದು. ಯಾರ ಮನೆಯ ಮದುವೆಗೆ ಹೋದರೂ ಮುಯ್ಯಿ ಐದು ಸಾವಿರಕ್ಕಿಂತ ಕಡಿಮೆ ಇಲ್ಲ. ಹುಡುಗರ ಕ್ರಿಕೆಟ್ ಪಂದ್ಯಕ್ಕೆ ಟ್ರೋಫಿ ಕೊಡಿಸಿದರೆ ಫ್ಲೆಕ್ಸಿನಲ್ಲಿ ಅವರ ಫೋಟೋ. ಅಕ್ಕನ ಮಗನ ನಾಮಕರಣಕ್ಕೆ ಉಂಗುರ, ಹರಕೆಯ ನೆಪದಲ್ಲಿ ಇಡೀ ಬೀದಿಗೆ ಬಾಡೂಟ. ಇದನ್ನು ದುಂದುವೆಚ್ಚ ಎಂದು ಕರೆಯಲು ನಮ್ಮ ಕಡೆ ಯಾರಿಗೂ ಬಾಯಿ ಬರುವುದಿಲ್ಲ. ಉಂಡವರಂತೂ ಕರೆಯುವುದಿಲ್ಲ.

ಇದಕ್ಕೊಂದು ಚರಿತ್ರೆ ಇದೆ, ಟೊಮೆಟೊ ಚರಿತ್ರೆ. 2023ರ ಜುಲೈ ತಿಂಗಳು ತಮಗೂ ನೆನಪಿರುತ್ತದೆ. ನಮ್ಮ ಎಪಿಎಂಸಿಯಲ್ಲಿ ಹದಿನೈದು ಕೆ.ಜಿ. ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು. ದೇಶದ ಟಿ.ವಿ.ಗಳೆಲ್ಲ ಕೋಲಾರದ ಮಂಡಿಯ ಮುಂದೆ ನಿಂತಿದ್ದವು. ಆ ವರ್ಷ ನಮ್ಮ ಎರಡು ಎಕರೆಯ ತೋಟ ಸರಿಯಾಗಿ ಆ ವಾರಗಳಲ್ಲೇ ಕೊಯ್ಲಿಗೆ ಬಂತು. ಹುಟ್ಟಿದಾಗಿನಿಂದ ನಮ್ಮ ಮನೆ ಕಾಣದಷ್ಟು ದುಡ್ಡು. ಹಳೆಯ ಸಾಲ ಒಂದಿಷ್ಟು ತೀರಿತು, ಮನೆಗೆ ಟೈಲ್ಸ್ ಬಂತು. ಅದೇ ವರ್ಷದ ಆದಾಯ ತೋರಿಸಿ ಕಂತಿನ ಮೇಲೆ ಕಾರೂ ಬಂತು. ಸೆಪ್ಟೆಂಬರ್ ಹೊತ್ತಿಗೆ ಬೆಲೆ ನೆಲಕಚ್ಚಿತು. ಅಪ್ಪನ ಕೈ ಮಾತ್ರ ಜುಲೈನಲ್ಲೇ ಉಳಿಯಿತು.

ಬೆಳೆ ಕೈಕೊಟ್ಟು ಆಗುವ ಸಾಲ ಬೇರೆ, ದೊಡ್ಡಸ್ತಿಕೆಗೆ ಆಗುವ ಸಾಲ ಬೇರೆ ಎಂದು ಪೇಟೆಯವರು ಸುಲಭವಾಗಿ ವಿಂಗಡಿಸುತ್ತಾರೆ. ನಮ್ಮ ಮನೆಯಲ್ಲಿ ಎರಡೂ ಒಂದೇ ಚೀಲದಲ್ಲಿವೆ. ಸಾವಿರದ ಇನ್ನೂರು ಅಡಿ ಕೊರೆಸಿಯೂ ಧೂಳು ಬಂದ ಕೊಳವೆ ಬಾವಿಯ ಸಾಲ ಯಾವ ಗುಂಪಿಗೆ ಸೇರಬೇಕು? ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆಯಲ್ಲಿ ನೀರು ಹುಡುಕಿದ್ದು ದುಂದುವೆಚ್ಚವೇ? 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ, ಸರಿ. ಆದರೆ ನಮ್ಮ ಕೆರೆಯ ಸರದಿ ಬರುವ ಮೊದಲೇ ಅಪ್ಪ ಎರಡು ಕಡೆ ಕೊರೆಸಿ ಆಗಿತ್ತು. ಆದ್ದರಿಂದ ಆ ಸಾಲಕ್ಕೆ ನಾನು ತಕರಾರು ಮಾಡುವುದಿಲ್ಲ. ಮರುವರ್ಷ ಟೊಮೆಟೊ ನೆಲಕ್ಕೆ ಸುರಿದು ಬಂದ ವಾರವೇ ಗೃಹಪ್ರವೇಶವೊಂದಕ್ಕೆ ಬೆಳ್ಳಿ ದೀಪ ಕೊಂಡೊಯ್ದರಲ್ಲ, ಅದಕ್ಕೆ ಮಾಡುತ್ತೇನೆ.

ಮಂಡಿಯಲ್ಲಿ ಪಡೆದ ಮುಂಗಡ ಎರಡು ಲಕ್ಷ. ಕಾರಿನದು ಮೂರೂವರೆ. ಅಮ್ಮನ ಒಡವೆ ಮತ್ತು ನನಗೆಂದು ಮಾಡಿಸಿದ್ದ ಓಲೆ, ಸರ ಅಡವಿಟ್ಟದ್ದು ಒಂದು ಲಕ್ಷ ಇಪ್ಪತ್ತು ಸಾವಿರ. ಮೂರು ಮೈಕ್ರೋ ಫೈನಾನ್ಸ್ ಸಂಸ್ಥೆಗಳಲ್ಲಿ ಅಮ್ಮನ ಹೆಸರಿನಲ್ಲಿ ಬಾಕಿ ಒಂದು ಲಕ್ಷ ಎಪ್ಪತ್ತು ಸಾವಿರ. ಕೈಸಾಲ ನಾಲ್ಕು ಲಕ್ಷ. ಇವನ್ನೆಲ್ಲ ಮೊದಲ ಸಲ ಒಂದೇ ಹಾಳೆಯ ಮೇಲೆ ಬರೆದು ಕೂಡಿಸಿದಾಗ ಹನ್ನೆರಡು ಲಕ್ಷದ ನಲವತ್ತು ಸಾವಿರ ಆಯಿತು. ಕೂಡಿಸುವ ಮೊದಲು ಅಪ್ಪನನ್ನು ಕೇಳಿದ್ದಕ್ಕೆ ಏಳೆಂಟು ಲಕ್ಷ ಇರಬಹುದು ಎಂದಿದ್ದರು. ಸುಳ್ಳು ಹೇಳಿದ್ದಲ್ಲ, ನಿಜವಾಗಿಯೂ ಹಾಗೆಂದುಕೊಂಡಿದ್ದರು. ಒಂದೊಂದು ಸಾಲಕ್ಕೂ ಒಂದೊಂದು ಬಾಗಿಲು, ಒಂದೊಂದು ದಿನ. ಒಟ್ಟು ಎಷ್ಟು ಎಂದು ಯಾವ ಬಾಗಿಲಿನವರೂ ಹೇಳುವುದಿಲ್ಲ.

ಈಗ ನನ್ನ ವಿಷಯಕ್ಕೆ ಬರುತ್ತೇನೆ.

ಮೈಕ್ರೋ ಫೈನಾನ್ಸಿನ ಒಂದು ಕಂತು ತಪ್ಪಿದಾಗ ಮನೆಗೆ ಬಂದ ಹುಡುಗ ಒರಟನೇನಲ್ಲ. ನನ್ನ ವಯಸ್ಸಿನವನೇ, ನನಗಿಂತ ಕಡಿಮೆ ಸಂಬಳದವನಿರಬಹುದು. ನಮ್ಮಂಥ ಮನೆಗೆ ಮೂರನೆಯ ಸಾಲವನ್ನು ಯಾವ ಧೈರ್ಯದ ಮೇಲೆ ಕೊಟ್ಟಿರಿ ಎಂದು ಕೇಳಿದೆ. "ನಿಮ್ಮ ಸಂಬಳ ನೋಡಿಯೇ ಕೊಟ್ಟಿದ್ದೇವೆ ಮೇಡಂ" ಎಂದು ಕೈಯಲ್ಲಿದ್ದ ಟ್ಯಾಬ್ ತಿರುಗಿಸಿ ತೋರಿಸಿದ. ಕುಟುಂಬದ ಮಾಸಿಕ ಆದಾಯ 24,500 ರೂಪಾಯಿ ಎಂದು ಬರೆದಿತ್ತು. ಮಗಳು, ಖಾಸಗಿ ಉದ್ಯೋಗ, 16,500. ವ್ಯವಸಾಯ, 8,000.

ರಿಸರ್ವ್ ಬ್ಯಾಂಕಿನ ನಿಯಮವನ್ನು ಆಮೇಲೆ ಹುಡುಕಿ ಓದಿದೆ. 2022ರ ಮಾರ್ಚ್‌ನಲ್ಲಿ ಬಂದದ್ದು, ಆ ವರ್ಷದ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ವರ್ಷಕ್ಕೆ ಮೂರು ಲಕ್ಷ ರೂಪಾಯಿವರೆಗೆ ಆದಾಯವಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲವೇ ಮೈಕ್ರೋ ಫೈನಾನ್ಸ್ ಸಾಲ. ಕುಟುಂಬ ಎಂದರೆ ಗಂಡ, ಹೆಂಡತಿ ಮತ್ತು ಮದುವೆಯಾಗದ ಮಕ್ಕಳು. ಆ ಕುಟುಂಬ ತಿಂಗಳಿಗೆ ಕಟ್ಟಬೇಕಾದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ದಾಟಬಾರದು. ಒಳ್ಳೆಯ ನಿಯಮ. ಬರೆದವರು ಬಡವರ ಕುತ್ತಿಗೆಗೆ ಹಗ್ಗ ಬೀಳಬಾರದೆಂದೇ ಬರೆದಿದ್ದಾರೆ.

ಈಗ ನಮ್ಮ ಮನೆಯ ಲೆಕ್ಕ ನೋಡಿ. 24,500ನ್ನು ಹನ್ನೆರಡರಿಂದ ಗುಣಿಸಿದರೆ 2,94,000. ಮೂರು ಲಕ್ಷದೊಳಗೆ ಬೆರಳು ಸಂದಿಯಷ್ಟು ಜಾಗ ಬಿಟ್ಟು ಕೂತಿದೆ. ಅದರ ಅರ್ಧ, ಅಂದರೆ ತಿಂಗಳಿಗೆ 12,250 ರೂಪಾಯಿವರೆಗೆ ಕಂತು ಹೇರಬಹುದು. ಮೂರು ಸಂಸ್ಥೆಗಳ ಕಂತು ಸೇರಿ 9,800. ನಿಯಮ ಪಾಲನೆಯಾಯಿತು. ನನ್ನ ಸಂಬಳ ತೆಗೆದರೆ ಉಳಿಯುವುದು ಎಂಟು ಸಾವಿರ, ಅದರ ಅರ್ಧ ನಾಲ್ಕು ಸಾವಿರ. ಆಗ ಮೊದಲನೆಯ ಸಾಲ ಸಿಗುತ್ತಿತ್ತೇನೋ, ಎರಡನೆಯದೇ ಅನುಮಾನ.

ಇನ್ನೊಂದು ಇದೆ. ನಿಯಮದ ಪ್ರಕಾರ ಕುಟುಂಬದ ಎಲ್ಲ ಸಾಲಗಳ ಕಂತೂ ಲೆಕ್ಕಕ್ಕೆ ಬರಬೇಕು. ಅಪ್ಪನ ಕಾರಿನ ಕಂತು ಆ ಪರದೆಯ ಮೇಲೆ ಇರಲಿಲ್ಲ. ಯಾಕೆಂದರೆ ತೆಗೆದು ನೋಡಿದ್ದು ಅಮ್ಮನ ಸಾಲದ ವರದಿಯನ್ನು ಮಾತ್ರ. ಆದಾಯ ಎಣಿಸುವಾಗ ಇಡೀ ಕುಟುಂಬ, ಸಾಲ ಎಣಿಸುವಾಗ ಅಮ್ಮ ಒಬ್ಬರೇ. ಈ ಒಂದು ವಾಕ್ಯವನ್ನು ತಾವು ದಯವಿಟ್ಟು ಎರಡು ಸಲ ಓದಬೇಕು. ಉಳಿದ ಪತ್ರ ಓದದಿದ್ದರೂ ಬೇಸರವಿಲ್ಲ.

ನನ್ನ ಸಂಬಳವನ್ನು ಅರ್ಜಿಯಲ್ಲಿ ಬರೆಯುವ ಮೊದಲು ನನ್ನನ್ನು ಯಾರೂ ಕೇಳಲಿಲ್ಲ. ನನ್ನ ಸಹಿ ಇಲ್ಲ, ನನ್ನ ಮೊಬೈಲಿಗೆ ಒಂದು ಸಂದೇಶವಿಲ್ಲ. ಸಾಲ ಪಡೆಯುವ ಹೆಂಗಸರ ಗುಂಪಿನ ಸಭೆಯಲ್ಲಿ ಅಮ್ಮನನ್ನು ಕೇಳಿದ್ದಾರೆ, ಅಮ್ಮ ಹೆಮ್ಮೆಯಿಂದ ಹೇಳಿದ್ದಾರೆ. ಮಗಳು ದುಡಿಯುತ್ತಾಳೆ ಎಂದು ತಾಯಿ ನಾಲ್ಕು ಜನರ ಮುಂದೆ ಹೇಳಿಕೊಳ್ಳುವುದು ತಪ್ಪೇನಲ್ಲ. ಆ ಮಾತನ್ನು ಆದಾಯ ಪ್ರಮಾಣಪತ್ರ ಮಾಡಿಕೊಂಡದ್ದು ತಪ್ಪು. ಆ ಸಾಲವಾದರೂ ಅಮ್ಮನ ಕೈಯಲ್ಲಿ ನಿಂತಿತೇ? ಸಹಿ ಅಮ್ಮನದು, ಕಂತಿನ ಸಭೆಯಲ್ಲಿ ತಲೆ ತಗ್ಗಿಸಿ ಕೂರುವುದು ಅಮ್ಮ, ಖರ್ಚು ಅಪ್ಪನದು. ಹೆಂಗಸರಿಗೆ ಸಾಲ ಕೊಟ್ಟರೆ ಮನೆ ಉದ್ಧಾರ ಎಂದು ಭಾಷಣ ಮಾಡುವವರು ಒಮ್ಮೆ ಆ ದುಡ್ಡಿನ ಹಿಂದೆ ನಮ್ಮ ಮನೆಯ ಹೊಸ್ತಿಲವರೆಗೆ ನಡೆದು ಬರಬೇಕು.

ಮದುವೆಯಾದ ದಿನ ರಿಸರ್ವ್ ಬ್ಯಾಂಕಿನ ಲೆಕ್ಕದಲ್ಲಿ ನಾನು ಈ ಕುಟುಂಬದಿಂದ ಹೊರಗೆ ಹೋಗುತ್ತೇನೆ, ನನ್ನ 16,500 ಕೂಡ ಹೊರಗೆ. ಕಂತುಗಳು ಮಾತ್ರ ಇಲ್ಲೇ ಇರುತ್ತವೆ. ನಮ್ಮ ಕಾರ್ಖಾನೆಯ ಬಸ್ಸಿನಲ್ಲಿ ಬರುವ ಹುಡುಗಿಯರಲ್ಲಿ ಇಂಥ ಲೆಕ್ಕದಿಂದ ಮದುವೆ ಮುಂದೂಡಿಕೊಂಡವರನ್ನು ಬಲ್ಲೆ. ನನ್ನ ಮದುವೆಗೆ ಅಪ್ಪನ ಮನಸ್ಸಿನಲ್ಲಿ ಆಗಲೇ ಕೋಲಾರದ ದೊಡ್ಡ ಛತ್ರವೊಂದು ಗೊತ್ತಾಗಿದೆ. ಊರ ದೇವಸ್ಥಾನದಲ್ಲಿ ತಾಳಿ, ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ, ಐವತ್ತು ಜನಕ್ಕೆ ಊಟ, ಇಷ್ಟೇ ಎಂದು ಹೇಳಿದ್ದೇನೆ. ಮನೆಯಲ್ಲಿ ಇದರ ಮೇಲೆ ಇನ್ನೂ ಜಗಳ ನಡೆದಿದೆ.

ಕಾನೂನಿನ ಪ್ರಕಾರ ನಾನು ಈ ಸಾಲಕ್ಕೆ ಹೊಣೆಯೇ ಅಲ್ಲ ಎಂಬುದನ್ನು ತಿಳಿದುಕೊಂಡದ್ದು ತಡವಾಗಿ. ನನ್ನ ಜೊತೆ ಬಸ್ಸಿನಲ್ಲಿ ಬರುವವರಿಗೂ ತಿಳಿಯಲಿ ಎಂದೇ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ. ಸಹಸಾಲಗಾರಳಾಗಿಯೋ ಜಾಮೀನುದಾರಳಾಗಿಯೋ ಸಹಿ ಹಾಕದ ಹೊರತು ತಂದೆ ತಾಯಿಯ ಸಾಲವನ್ನು ವಯಸ್ಕ ಮಕ್ಕಳ ಸಂಬಳದಿಂದ ವಸೂಲು ಮಾಡುವಂತಿಲ್ಲ. ತಂದೆಯ ಕಾಲಾನಂತರವೂ ಅವರಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ ಹೊಣೆ. ತಂದೆಯ ಸಾಲ ತೀರಿಸುವುದು ಮಗನ ಧರ್ಮ ಎಂಬ ಹಳೆಯ ಕಟ್ಟಳೆಯೊಂದು ನ್ಯಾಯಾಲಯಗಳಲ್ಲೂ ನಡೆಯುತ್ತಿತ್ತು. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆಗೆ ತಿದ್ದುಪಡಿ ತಂದಾಗ, ಅಲ್ಲಿಂದ ಮುಂದೆ ಮಾಡಿದ ಸಾಲಗಳಿಗೆ ಅದು ಅನ್ವಯಿಸದಂತೆ ತೆಗೆದುಹಾಕಿದರು. ಪಿತ್ರಾರ್ಜಿತ ಜಮೀನಿನಲ್ಲಿ ಹೆಣ್ಣುಮಕ್ಕಳಿಗೆ ದೇಶದಾದ್ಯಂತ ಸಮಪಾಲು ಕೊಟ್ಟದ್ದೂ ಅದೇ ತಿದ್ದುಪಡಿ. ಅಂದರೆ ಅಪ್ಪನ ಸಾಲ ನನ್ನದಲ್ಲ, ಅಪ್ಪ ಮಾರಲು ಹೊರಟಿರುವ ಪಿತ್ರಾರ್ಜಿತ ಎರಡು ಎಕರೆಯಲ್ಲಿ ನನ್ನದೂ ಪಾಲಿದೆ. ಊರಿನ ಕಾನೂನು ಇದನ್ನು ತಲೆಕೆಳಗು ಮಾಡಿ ಓದುತ್ತದೆ: ಸಾಲದಲ್ಲಿ ಪಾಲು ಕೊಡುತ್ತದೆ, ಜಮೀನಿನಲ್ಲಿ ಕೊಡುವುದಿಲ್ಲ.

ಹೊಣೆ ಇಲ್ಲದಿದ್ದರೂ ಕಟ್ಟುತ್ತಿದ್ದೇನೆ. ಮೈಕ್ರೋ ಫೈನಾನ್ಸಿನ ಕಂತಿಗೆ ನನ್ನ ಸಂಬಳದಿಂದಲೇ ಹೋಗುತ್ತದೆ, ಅಮ್ಮ ಗುಂಪಿನ ಇತರ ಹೆಂಗಸರಿಗೆ ಮುಖ ತೋರಿಸಬೇಕಲ್ಲ. ಆದರೆ ಒಂದಕ್ಕೆ ಒಪ್ಪಿಲ್ಲ. ಸಂಬಳದ ಚೀಟಿ ಇರುವುದು ನನಗೊಬ್ಬಳಿಗೇ ಆದ್ದರಿಂದ ನನ್ನ ಹೆಸರಿನಲ್ಲಿ ವೈಯಕ್ತಿಕ ಸಾಲ ತೆಗೆದು ಎಲ್ಲವನ್ನೂ ಒಂದೇ ಸಲ ತೀರಿಸಿಬಿಡು ಎಂದು ದೊಡ್ಡಪ್ಪ, ಸೋದರತ್ತೆ, ಕಡೆಗೆ ಕೈಸಾಲ ಕೊಟ್ಟವರೂ ಹೇಳಿದರು. ಆಗುವುದಿಲ್ಲ ಎಂದೆ. ಗುತ್ತಿಗೆ ಕೆಲಸ ಯಾವ ತಿಂಗಳು ಇರುತ್ತದೋ ಯಾವ ತಿಂಗಳು ಇಲ್ಲವೋ, ಐದು ವರ್ಷದ ಕಂತಿಗೆ ಹೇಗೆ ಸಹಿ ಹಾಕಲಿ? ಅದಕ್ಕಿಂತ ಮುಖ್ಯವಾಗಿ, ಅಪ್ಪನ ಹಳೆಯ ಸಾಲ ತೀರಿದ ಮರುದಿನವೇ ಊರಿನಲ್ಲಿ ಅವರಿಗೆ ಹೊಸ ಸಾಲ ಹುಟ್ಟುತ್ತದೆ. ಬಾಕಿ ತೀರಿಸಿದ ಮನುಷ್ಯ ಎಂದರೆ ಕೊಡುವವರಿಗೆ ಬಲು ಪ್ರೀತಿ. ಓದಿಸಿದ ಋಣ ಮರೆತಳು ಎಂದು ಒಂದಷ್ಟು ದಿನ ಮಾತು ಕೇಳಿದೆ. ಡಿಪ್ಲೊಮಾಕ್ಕೆ ಆದ ಖರ್ಚಿಗಿಂತ ಬೆಳ್ಳಿ ದೀಪಗಳಿಗೆ ಆದದ್ದು ಹೆಚ್ಚು ಎಂದು ಉತ್ತರ ಕೊಟ್ಟಿರುವೆ. ಅದು ಸ್ವಲ್ಪ ಉತ್ಪ್ರೇಕ್ಷೆ, ಆದರೆ ಸ್ವಲ್ಪವೇ.

ಕೈಸಾಲದ ಬಗ್ಗೆ ತಮಗೆ ನೇರವಾಗಿ ಸಂಬಂಧಿಸಿದ ಮಾತಿದೆ. ನಮ್ಮಲ್ಲಿ ಬಡ್ಡಿಯನ್ನು ವರ್ಷಕ್ಕೆ ಶೇಕಡಾ ಇಷ್ಟು ಎಂದು ಯಾರೂ ಹೇಳುವುದಿಲ್ಲ. ಮೂರು ರೂಪಾಯಿ ಬಡ್ಡಿ, ಐದು ರೂಪಾಯಿ ಬಡ್ಡಿ ಎನ್ನುತ್ತಾರೆ. ನೂರಕ್ಕೆ, ತಿಂಗಳಿಗೆ. ಕೇಳಲು ಎಷ್ಟು ಹಗುರ! ನಾಲ್ಕು ಲಕ್ಷಕ್ಕೆ ಮೂರು ರೂಪಾಯಿಯಂತೆ ತಿಂಗಳಿಗೆ ಹನ್ನೆರಡು ಸಾವಿರ, ವರ್ಷಕ್ಕೆ ಒಂದು ಲಕ್ಷ ನಲವತ್ತನಾಲ್ಕು ಸಾವಿರ, ಶೇಕಡಾ 36. ಕರ್ನಾಟಕದಲ್ಲಿ ಲೇವಾದೇವಿದಾರರ ಕಾಯಿದೆ 1961ರಿಂದ ಇದೆ, ವಿಪರೀತ ಬಡ್ಡಿ ನಿಷೇಧ ಕಾಯಿದೆ 2004ರಿಂದ ಇದೆ. ಪರವಾನಗಿ ಪಡೆದ ಲೇವಾದೇವಿದಾರ ಅಡಮಾನವಿಟ್ಟ ಸಾಲಕ್ಕೆ ವರ್ಷಕ್ಕೆ ಶೇಕಡಾ 14, ಅಡಮಾನವಿಲ್ಲದ್ದಕ್ಕೆ ಶೇಕಡಾ 16ಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಆ ಲೆಕ್ಕದಲ್ಲಿ ನಮ್ಮ ವರ್ಷದ ಬಡ್ಡಿ ಅರವತ್ತನಾಲ್ಕು ಸಾವಿರ ಆಗಬೇಕಿತ್ತು. ಉಳಿದ ಎಂಬತ್ತು ಸಾವಿರ ರೂಪಾಯಿ ಪ್ರತಿವರ್ಷ ಕಾನೂನಿನ ಹೊರಗೆ ಹೋಗುತ್ತಿದೆ. ತೆಗೆದುಕೊಳ್ಳುವವರು ಬೀದಿ ರೌಡಿಗಳಲ್ಲ. ಊರಿನಲ್ಲಿ ಎದ್ದು ನಿಂತು ನಮಸ್ಕಾರ ಹೊಡೆಸಿಕೊಳ್ಳುವವರು. ಕೈಯಲ್ಲಿ ಅಪ್ಪನ ಪ್ರೋನೋಟು ಇದೆ, ಸಹಿ ಮಾಡಿದ ಖಾಲಿ ಚೆಕ್ಕುಗಳಿವೆ. ಪರವಾನಗಿ ಇದೆಯೇ ಎಂದು ಕೇಳುವ ಧೈರ್ಯ ಊರಿನಲ್ಲಿ ಯಾರಿಗಿದೆ?

ಅದಕ್ಕೇ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಕಿರು ಸಾಲ ಮತ್ತು ಸಣ್ಣ ಸಾಲಗಳ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ತಂದಾಗ ನಾನು ಅದನ್ನು ಪತ್ರಿಕೆಯಲ್ಲಿ ಕತ್ತರಿಸಿ ಇಟ್ಟುಕೊಂಡಿದ್ದೆ. ಮುಂದೆ ಅದು ಕಾಯಿದೆಯೂ ಆಯಿತು. ಸಾಲಗಾರರನ್ನೋ ಅವರ ಮನೆಯವರನ್ನೋ ಬೆದರಿಸುವುದು, ಹಿಂಬಾಲಿಸುವುದು, ಅವಮಾನಿಸುವುದು ಅಪರಾಧ. ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಅದರಡಿ ಸಾಲ ಕೊಡುವವರನ್ನು ನೋಂದಾಯಿಸಿಕೊಳ್ಳುವ ಪ್ರಾಧಿಕಾರ ಬೇರೆ ಯಾರೂ ಅಲ್ಲ, ಜಿಲ್ಲಾಧಿಕಾರಿಗಳೇ. ಆದ್ದರಿಂದಲೇ ಈ ಪತ್ರ ತಮ್ಮ ಹೆಸರಿಗೆ.

ಬಲವಂತ ಎಂದರೆ ಬಾಗಿಲು ಒದೆಯುವುದು ಮಾತ್ರ ಎಂದು ತಿಳಿದಂತಿದೆ ಎಲ್ಲರೂ. ನನಗೆ ಯಾರೂ ಬಾಗಿಲು ಒದ್ದಿಲ್ಲ. ಪಾಳಿಯ ನಡುವೆ, ಊಟದ ಹೊತ್ತಿನಲ್ಲಿ ಲಾಕರಿನಿಂದ ಮೊಬೈಲ್ ತೆಗೆದರೆ ಗೊತ್ತಿಲ್ಲದ ನಂಬರುಗಳಿಂದ ಸಾಲುಸಾಲು ಕರೆ ಬಂದಿರುತ್ತಿತ್ತು. ಸಾಲ ನನ್ನದಲ್ಲ, ನಾನು ಜಾಮೀನು ನಿಂತವಳಲ್ಲ, ನನ್ನ ನಂಬರು ಅರ್ಜಿಯಲ್ಲಿ "ಇತರ ಸಂಪರ್ಕ" ಎಂಬ ಜಾಗದಲ್ಲಿತ್ತು. ಮೈಕ್ರೋ ಫೈನಾನ್ಸ್ ಸಾಲದ ವಸೂಲಿಗೆ ಬೆಳಗ್ಗೆ ಒಂಬತ್ತಕ್ಕೆ ಮೊದಲು, ಸಂಜೆ ಆರರ ನಂತರ ಕರೆ ಮಾಡುವಂತಿಲ್ಲ, ಸಂಬಂಧಿಕರಿಗೆ, ಜೊತೆ ಕೆಲಸದವರಿಗೆ ಕಿರುಕುಳ ಕೊಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕಿನ ಅದೇ ನಿಯಮದಲ್ಲಿದೆ. ಇದನ್ನು ಹೇಳಿದ ಮೇಲೆ ಒಂದು ಸಂಸ್ಥೆಯವರು ಕರೆ ನಿಲ್ಲಿಸಿದರು. ಇನ್ನೊಂದರವರು ನಿಲ್ಲಿಸಲಿಲ್ಲ. ಅವರ ಮೇಲೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ವ್ಯವಸ್ಥೆಗೆ ದೂರು ಕೊಡುವುದು ಹೇಗೆಂದು 14448ಕ್ಕೆ ಫೋನ್ ಮಾಡಿ ಕೇಳಿದೆ. ಮೊದಲು ಸಂಸ್ಥೆಗೇ ಲಿಖಿತ ದೂರು ಕೊಡಬೇಕು, ಮೂವತ್ತು ದಿನದಲ್ಲಿ ಸರಿಯಾದ ಉತ್ತರ ಬಾರದಿದ್ದರೆ ಒಂಬುಡ್ಸ್‌ಮನ್ ಬಳಿ ಹೋಗಬೇಕು. ಅಮ್ಮನ ಹೆಸರಿನಲ್ಲಿ ಬರೆದು ಕಳುಹಿಸಿದ ಮೇಲೆ ಆ ಕರೆಗಳೂ ನಿಂತವು. ಇಂಥ ದಾರಿಗಳಿವೆ ಎಂಬುದೇ ಊರಿನ ಹೆಂಗಸರಿಗೆ ಗೊತ್ತಿಲ್ಲ. ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ, ಅದಕ್ಕೆ 15100 ಎಂಬ ನಂಬರಿದೆ ಎಂಬುದೂ ಗೊತ್ತಿಲ್ಲ. ಗ್ರಾಮ ಪಂಚಾಯಿತಿ ಗೋಡೆಯ ಮೇಲೆ ಎಷ್ಟೋ ಘೋಷಣೆಗಳನ್ನು ಬರೆಸಿದ್ದೀರಿ. ಈ ಎರಡು ನಂಬರು ಬರೆಸಲು ಎಷ್ಟು ಬಣ್ಣ ಬೇಕು?

ಹಣಕಾಸು ಸಾಕ್ಷರತೆ ಶಿಬಿರಗಳ ಬಗ್ಗೆಯೂ ಒಂದು ಮಾತು. ಕಾಲೇಜಿನಲ್ಲಿ ನಮಗೂ ಒಂದು ನಡೆದಿತ್ತು. ಉಳಿತಾಯ ಮಾಡಿ, ಒಟಿಪಿ ಯಾರಿಗೂ ಹೇಳಬೇಡಿ, ವಿಮೆ ಮಾಡಿಸಿ. ಆಮೇಲೆ ಬಿಸ್ಕತ್ತು, ಚಹಾ, ಫೋಟೋ. ಖರ್ಚು ಮಾಡುವವರು ಐವತ್ತು ದಾಟಿದ ಗಂಡಸರು, ಪಾಠ ಕೇಳುವವರು ಹತ್ತೊಂಬತ್ತರ ಹುಡುಗಿಯರು. ತೆವಲು ಇರುವ ಕಡೆ ಮದ್ದು ಹಾಕುವುದು ಬಿಟ್ಟು ಪಕ್ಕದ ಮನೆಯವರಿಗೆ ಗುಳಿಗೆ ಹಂಚಿದ ಹಾಗೆ. ಮಂಡಿಯ ಅಂಗಳದಲ್ಲಿ ಹರಾಜು ಮುಗಿದು ಪಟ್ಟಿ ಕೈಗೆ ಬರುವ ಹೊತ್ತಿಗೆ ಅಪ್ಪಂದಿರೆಲ್ಲ ಒಂದೇ ಕಡೆ ಇರುತ್ತಾರೆ, ಕೈಯಲ್ಲಿ ದುಡ್ಡೂ ಇರುತ್ತದೆ. ಶಿಬಿರ ಅಲ್ಲಿ ನಡೆಯಲಿ. ಬಂದವರು ಬೈದರೂ ಬೈದಾರು, ಕಿವಿಗಂತೂ ಬೀಳುತ್ತದೆ.

ಇಷ್ಟೆಲ್ಲ ಹೇಳಿ ತಮ್ಮಿಂದ ಏನು ಬಯಸುತ್ತೇನೆ ಎಂದು ಸ್ಪಷ್ಟವಾಗಿ ಹೇಳದಿದ್ದರೆ ಪತ್ರ ಗೋಳಾಗುತ್ತದೆ.

ಜಿಲ್ಲಾ ಮಟ್ಟದ ಬ್ಯಾಂಕುಗಳ ಸಮಾಲೋಚನಾ ಸಮಿತಿಗೆ ತಾವೇ ಅಧ್ಯಕ್ಷರು. ಮೂರು ತಿಂಗಳಿಗೊಮ್ಮೆ ಸೇರುವ ಆ ಸಭೆಗೆ ರಿಸರ್ವ್ ಬ್ಯಾಂಕಿನ ಅಧಿಕಾರಿಯೂ ಬರುತ್ತಾರೆ. ನಿಯಮ ಬದಲಿಸುವುದು ತಮ್ಮ ಕೈಯಲ್ಲಿಲ್ಲ ಎಂದು ಗೊತ್ತು. ಆದರೆ ಅಲ್ಲಿ ಕೇಳಬಹುದು: ಹದಿನೆಂಟು ದಾಟಿದ, ಮದುವೆಯಾಗದ ಮಗ ಅಥವಾ ಮಗಳ ಸಂಬಳವನ್ನು ಕುಟುಂಬದ ಆದಾಯವೆಂದು ಬರೆದುಕೊಳ್ಳುವಾಗ ಅವರಿಗೇ ಒಂದು ಸಂದೇಶ ಕಳುಹಿಸಿ ಒಪ್ಪಿಗೆ ಪಡೆಯಲು ಏನು ಅಡ್ಡಿ? ಆಧಾರ್‌ನಿಂದ ಹಿಡಿದು ಗ್ಯಾಸ್ ಸಿಲಿಂಡರ್‌ವರೆಗೆ ಎಲ್ಲಕ್ಕೂ ಒಟಿಪಿ ಕೇಳುವ ದೇಶದಲ್ಲಿ ನನ್ನ ಸಂಬಳದ ಮೇಲೆ ಸಾಲ ಹೇರಲು ಮಾತ್ರ ಯಾಕೆ ಬೇಡ? ಆ ಸಂದೇಶ ನನಗೆ ಬಂದಿದ್ದರೆ ಮೂರನೆಯ ಸಾಲಕ್ಕೆ ಬೇಡ ಎಂದು ಒತ್ತುತ್ತಿದ್ದೆ. ಮನೆಯಲ್ಲಿ ಆ ದಿನ ಜಗಳವಾಗುತ್ತಿತ್ತು. ಆಗಲಿ. ಈಗ ಆಗುತ್ತಿರುವ ಜಗಳಕ್ಕಿಂತ ಅದು ಅಗ್ಗ. ಹಾಗೆಯೇ ಗಂಡ ಹೆಂಡತಿ ಇಬ್ಬರ ಸಾಲದ ವರದಿಯನ್ನೂ ನೋಡದೆ ಆದಾಯದ ಅರ್ಧದ ಲೆಕ್ಕ ಹಾಕಬಾರದು ಎಂದು ಜಿಲ್ಲೆಯಲ್ಲಿ ಸಾಲ ಕೊಡುವ ಎಲ್ಲರಿಂದಲೂ ಬರೆಸಿಕೊಳ್ಳಿ. ಒಬ್ಬರಿಗೆ ಮೂರಕ್ಕಿಂತ ಹೆಚ್ಚು ಸಂಸ್ಥೆಗಳು ಕೊಡಬಾರದು, ಒಟ್ಟು ಎರಡು ಲಕ್ಷ ಮೀರಬಾರದು ಎಂದು ಮೈಕ್ರೋ ಫೈನಾನ್ಸ್ ಒಕ್ಕೂಟದವರೇ 2025ರ ಏಪ್ರಿಲ್‌ನಿಂದ ಕಟ್ಟುಪಾಡು ಹಾಕಿಕೊಂಡಿದ್ದಾರೆ. ಅದು ಸಾಲಗಾರರ ಲೆಕ್ಕ, ಮನೆಯ ಲೆಕ್ಕವಲ್ಲ. ಅಮ್ಮನ ಹೆಸರಿನಲ್ಲಿ ಮೂರು, ಅತ್ತಿಗೆಯ ಹೆಸರಿನಲ್ಲಿ ಮೂರು ಇರುವ ಮನೆಗಳು ನಮ್ಮ ಬೀದಿಯಲ್ಲೇ ಇವೆ.

ಎರಡನೆಯ ಕೋರಿಕೆ ಇನ್ನೂ ಸುಲಭದ್ದು. ತಮ್ಮಲ್ಲಿ ನೋಂದಣಿಯಾದ ಸಂಸ್ಥೆಗಳ ಪಟ್ಟಿ ಮತ್ತು ಸಹಕಾರ ಇಲಾಖೆಯಿಂದ ಲೇವಾದೇವಿ ಪರವಾನಗಿ ಪಡೆದವರ ಪಟ್ಟಿ, ಎರಡನ್ನೂ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಅಂಟಿಸಿ. ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ವರ್ಷಕ್ಕೆ 14, 16 ಎಂದು ಬರೆಸಿ. ಅದರ ಪಕ್ಕದಲ್ಲೇ ಮೂರು ರೂಪಾಯಿ ಬಡ್ಡಿ ಎಂದರೆ ವರ್ಷಕ್ಕೆ 36 ಎಂದೂ ಬರೆಸಿ. ಪಟ್ಟಿಯಲ್ಲಿ ಯಾರ ಹೆಸರಿಲ್ಲ ಎಂಬುದನ್ನು ಊರಿನವರು ತಾವೇ ಓದಿಕೊಳ್ಳುತ್ತಾರೆ. ನಾವು ಯಾರೂ ಬಾಯಿಬಿಟ್ಟು ಕೇಳಬೇಕಾಗಿಲ್ಲ.

ಮೂರನೆಯದಕ್ಕೆ ಸ್ವಲ್ಪ ಮನಸ್ಸು ಮಾಡಬೇಕು. ವಾರಕ್ಕೊಮ್ಮೆ ತಾಲ್ಲೂಕು ಕೇಂದ್ರದಲ್ಲಿ ಒಂದು ಮೇಜು. ಒಬ್ಬರು ಜಿಲ್ಲೆಯ ಬ್ಯಾಂಕುಗಳ ಕೆಲಸ ಹೊಂದಿಸುವ ಲೀಡ್ ಬ್ಯಾಂಕಿನವರು, ಒಬ್ಬರು ಸಹಕಾರ ಇಲಾಖೆಯವರು, ಒಬ್ಬರು ಕಾನೂನು ಸೇವೆಗಳ ಪ್ರಾಧಿಕಾರದ ವಕೀಲರು. ಮನೆಯವರೆಲ್ಲ ಒಟ್ಟಿಗೆ ಬಂದು ಇರುವ ಸಾಲಗಳನ್ನೆಲ್ಲ ಒಂದೇ ಹಾಳೆಯ ಮೇಲೆ ಬರೆಸಬೇಕು. ಯಾವುದು ಮೊದಲು, ಯಾವುದರ ಬಡ್ಡಿ ಕಾನೂನಿನ ಹೊರಗಿನದು, ಯಾವ ಚೆಕ್ಕು ವಾಪಸು ಕೇಳಬೇಕು, ಕಾರು ಮಾರಬೇಕೋ ಬೇಡವೋ ಎಂದು ಹೇಳಬೇಕು. ಊರಿನಲ್ಲಿ ಈಗ ಸಿಗುವ ಸಲಹೆ ಎರಡೇ: ಇನ್ನೊಂದು ಸಾಲ ಮಾಡು, ಇಲ್ಲವೇ ಐಪಿ ಹಾಕು. ದಿವಾಳಿ ಅರ್ಜಿಯ ಆ ಕಾಯಿದೆ 1920ರದ್ದು, ಐನೂರು ರೂಪಾಯಿ ಸಾಲವಿದ್ದರೂ ಅರ್ಜಿ ಹಾಕಬಹುದು ಎಂಬ ಕಾಲದ್ದು. ಅದು ಸರಿಯೋ ತಪ್ಪೋ ಎಂದು ಹೇಳುವವರು ವಕೀಲರೇ ಹೊರತು ಟೀ ಅಂಗಡಿಯವರಲ್ಲ. ಮಗಳು ಹೇಳಿದರೆ ಅಪ್ಪನಿಗೆ ಅವಮಾನ. ಸರ್ಕಾರಿ ಮೇಜಿನ ಆಚೆಯಿಂದ ಒಬ್ಬರು ಗೌರವವಾಗಿ ಹೇಳಿದರೆ ಅದೇ ಮಾತು ಸಲಹೆಯಾಗುತ್ತದೆ. ನಮ್ಮ ಮನೆಯ ಹಾಳೆ ಬರೆಯಲು ನನ್ನ ಪಕ್ಕ ಇದ್ದವರು ಸಾಲದ ವಿಷಯ ತಿಳಿದ, ನಿವೃತ್ತ ಮೇಷ್ಟ್ರೊಬ್ಬರು. ಅವರು ಕನ್ನಡಕ ಏರಿಸಿ, ಒಂದೊಂದೇ ಸಾಲವನ್ನು ತೆಲುಗಿನಲ್ಲಿ ಕೇಳಿ ಕನ್ನಡದಲ್ಲಿ ಬರೆದುಕೊಂಡರು. ಅಪ್ಪ ಅವರ ಮುಂದೆ ಎಲ್ಲವನ್ನೂ ಹೇಳಿದರು, ನನ್ನ ಮುಂದೆ ಎಂದೂ ಹೇಳದ ಎರಡು ಕೈಸಾಲಗಳನ್ನೂ ಸೇರಿಸಿ. ಎಲ್ಲ ಊರಿನಲ್ಲೂ ಅಂಥ ಮೇಷ್ಟ್ರು ಇರುವುದಿಲ್ಲ.

ಇಂದಿನ ಸ್ಥಿತಿ ಇಷ್ಟು. ಕಾರು ಮಾರಾಟಕ್ಕಿದೆ, ಕೇಳಿದವರು ಕಡಿಮೆಗೆ ಕೇಳುತ್ತಿದ್ದಾರೆ, ಅಪ್ಪ ಇನ್ನೊಂದು ತಿಂಗಳು ನೋಡೋಣ ಎನ್ನುತ್ತಿದ್ದಾರೆ. ಅಮ್ಮ ನಾಲ್ಕನೆಯ ಗುಂಪಿಗೆ ಸೇರಲು ಬಂದ ಕರೆಯನ್ನು ನಿರಾಕರಿಸಿದ್ದಾರೆ. ಮುಯ್ಯಿಗೆ ಐನೂರು ರೂಪಾಯಿ ಮಿತಿ ಹಾಕಿದ್ದೇವೆ. ಮೊದಲ ಮದುವೆಯಲ್ಲೇ ಅಪ್ಪ ಸಾವಿರ ಕೊಟ್ಟು ಬಂದರು, ಐದು ಸಾವಿರಕ್ಕಿಂತ ವಾಸಿ ಎಂದು ಸುಮ್ಮನಾದೆ. ತಮ್ಮನ ಪದವಿಯ ಶುಲ್ಕವನ್ನು ಮನೆಯ ಲೆಕ್ಕದಿಂದ ಬೇರೆ ಮಾಡಿ ನನ್ನ ಖಾತೆಯಲ್ಲಿ ಇಟ್ಟಿದ್ದೇನೆ. ಅದನ್ನು ಯಾರೂ ಮುಟ್ಟುವಂತಿಲ್ಲ, ನನ್ನನ್ನೂ ಸೇರಿಸಿ.

ಸಮಾಲೋಚನಾ ಸಮಿತಿಯ ಮುಂದಿನ ಸಭೆಯಲ್ಲಿ ಈ ವಿಷಯ ಎತ್ತುವುದಾದರೆ, ನಮ್ಮಂಥವರ ಮಾತನ್ನೂ ಕೇಳುವುದಾದರೆ ದಿನ ತಿಳಿಸಿ, ಪಾಳಿ ಬದಲಿಸಿಕೊಂಡು ಬರುತ್ತೇನೆ. ಅಪ್ಪನೂ ಬರಲು ಒಪ್ಪಿದ್ದಾರೆ. ಕಾರಿನಲ್ಲಿ ಹೋಗೋಣ ಎಂದರು. ಬಸ್ಸಿನಲ್ಲಾದರೆ ಮಾತ್ರ ಎಂದಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಕೋಲಾರ ತಾಲ್ಲೂಕಿನ ನಿವಾಸಿ

ಹೆಸರು, ವಿಳಾಸ ಮತ್ತು ಸಾಲದ ಕಾರ್ಡುಗಳ ನಕಲುಗಳನ್ನು ತಮ್ಮ ಕಚೇರಿಗೆ ಕೊಟ್ಟ ಪ್ರತಿಯೊಂದಿಗೆ ಲಗತ್ತಿಸಿದ್ದೇನೆ.